ದೀಪದ ಮುಂದೆ ಅರ್ಧ ಗಂಟೆ

1980ರ ಚಳಿಗಾಲ. ಅಮೆರಿಕದ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಿರುವ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 63 ವರ್ಷದ ಎಂಜಿನಿಯರೊಬ್ಬರನ್ನು ಬೆಳಿಗ್ಗೆ ಆರಕ್ಕೇ ಪ್ರಖರವಾದ ದೀಪಗಳ ಮುಂದೆ ಕೂರಿಸುತ್ತಿದ್ದರು. ಒಂಬತ್ತರವರೆಗೆ ಅಲ್ಲೇ. ಮತ್ತೆ ಸಂಜೆ ನಾಲ್ಕರಿಂದ ಏಳರವರೆಗೆ. ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಬರೀ ಬೆಳಕು. ಚಳಿಗಾಲದ ಗಿಡ್ಡ ಹಗಲನ್ನು ಎರಡೂ ತುದಿಯಲ್ಲಿ ಹಿಗ್ಗಿಸಿ, ದೇಹಕ್ಕೆ ವಸಂತ ಬಂತೆಂದು ನಂಬಿಸುವುದು ವೈದ್ಯರ ಲೆಕ್ಕಾಚಾರ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವರನ್ನು ಕವಿದಿದ್ದ ಮಂಕು ಸರಿಯತೊಡಗಿತು.

ಅವರು ಬರಿಗೈಯಲ್ಲಿ ಆಸ್ಪತ್ರೆಗೆ ಬಂದವರಲ್ಲ. ವರ್ಷಗಟ್ಟಲೆ ತಮ್ಮ ಮನಸ್ಸಿನ ಏರಿಳಿತವನ್ನು ಪುಟ್ಟ ಪುಟ್ಟ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಉತ್ಸಾಹ, ಹಗಲು ಕುಗ್ಗುತ್ತಿದ್ದಂತೆ ಇಳಿತ, ಚಳಿಗಾಲದಲ್ಲಿ ಯಾವುದೂ ಬೇಡವೆನ್ನಿಸುವ ಸ್ಥಿತಿ, ವಸಂತದಲ್ಲಿ ತಾನೇ ತಾನಾಗಿ ಚೇತರಿಕೆ. ವರ್ಷ ಬದಲಾದರೂ ಸುತ್ತು ಮಾತ್ರ ಬದಲಾಗುತ್ತಿರಲಿಲ್ಲ. ಹಗಲಿನ ಉದ್ದಕ್ಕೂ ಈ ಸುತ್ತಿಗೂ ಸಂಬಂಧವಿದೆಯೆಂಬ ಅನುಮಾನ ಮೊದಲು ಮೂಡಿದ್ದು ವೈದ್ಯರಲ್ಲಲ್ಲ, ರೋಗಿಯಲ್ಲೇ. ಆಲ್ಫ್ರೆಡ್ ಲೂವಿ, ನಾರ್ಮನ್ ರೋಸೆಂತಾಲ್, ಥಾಮಸ್ ವೇರ್ ಅವರು 1982ರಲ್ಲಿ ಈ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಆ ಎಂಜಿನಿಯರೂ ಸಹಲೇಖಕರಾಗಿದ್ದರು. ತನ್ನ ಕಾಯಿಲೆಯನ್ನು ಇಷ್ಟು ಶ್ರದ್ಧೆಯಿಂದ ಗಮನಿಸಿದ ರೋಗಿಗೆ ಸಲ್ಲಲೇಬೇಕಿದ್ದ ಗೌರವವದು.

ಈ ಪ್ರಯೋಗಕ್ಕೆ ಧೈರ್ಯ ಕೊಟ್ಟದ್ದು ಲೂವಿಯವರದೇ ಇನ್ನೊಂದು ಶೋಧ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಪ್ರಾಣಿಗಳಲ್ಲಿ ಅದೇ ರಾತ್ರಿಯ ಉದ್ದವನ್ನು ದೇಹಕ್ಕೆ ತಿಳಿಸುವ ಸಂಕೇತ. ಯಾವಾಗ ಮರಿ ಹಾಕಬೇಕು, ಯಾವಾಗ ತುಪ್ಪಳ ದಪ್ಪವಾಗಬೇಕು ಎಂಬುದೆಲ್ಲ ಆ ಲೆಕ್ಕದ ಮೇಲೆ ನಡೆಯುತ್ತದೆ. ಮನುಷ್ಯರು ಮಾತ್ರ ಇದರಿಂದ ಹೊರಗೆಂದು ಬಹುತೇಕರು ನಂಬಿದ್ದರು. ರಾತ್ರಿ ದೀಪ ಹಾಕಿದರೂ ಮನುಷ್ಯರ ಮೆಲಟೋನಿನ್ ಕಡಿಮೆಯಾಗುವುದು ಕಂಡಿರಲಿಲ್ಲ. ಕೊರತೆ ಇದ್ದದ್ದು ಬೆಳಕಿನ ಪ್ರಮಾಣದಲ್ಲಿ ಎಂದು ಲೂವಿ ಮತ್ತು ಸಂಗಡಿಗರು 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. 500 ಲಕ್ಸ್ ಬೆಳಕಿಗೆ ಜಗ್ಗದ ಹಾರ್ಮೋನು 2,500 ಲಕ್ಸ್ ಬೆಳಕಿಗೆ ಕುಸಿದಿತ್ತು.

ಲಕ್ಸ್ ಎಂಬ ಈ ಅಳತೆಯನ್ನು ಅರ್ಥ ಮಾಡಿಕೊಂಡರೆ ಅರ್ಧ ಕಥೆ ತಿಳಿದಂತೆ. ಟ್ಯೂಬ್‌ಲೈಟ್ ಉರಿಯುವ ಮನೆಯ ಕೋಣೆಯಲ್ಲಿ ಇರುವುದು ನೂರು, ಇನ್ನೂರು ಲಕ್ಸ್. ಚೆನ್ನಾಗಿ ದೀಪ ಹಾಕಿದ ಕಚೇರಿಯಲ್ಲಿ ನಾನೂರೋ ಐನೂರೋ. ಹೊರಗೆ ಮೋಡ ಕವಿದ ಹಗಲಿನಲ್ಲೂ ಸಾವಿರಾರು ಲಕ್ಸ್ ಸಿಗುತ್ತದೆ. ಬಿಸಿಲು ಕಾಯುವ ಮಧ್ಯಾಹ್ನ ಅದು ಐವತ್ತು ಸಾವಿರ, ಒಂದು ಲಕ್ಷದವರೆಗೂ ಏರುತ್ತದೆ. ಕಣ್ಣು ಯಾವ ಬೆಳಕಿಗಾದರೂ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ಅನುಭವಕ್ಕೆ ಬರುವುದಿಲ್ಲ. ಒಳಗೆ ಕೂತವರು ತಾವು ಬೆಳಕಿನಲ್ಲೇ ಇದ್ದೇವೆ ಅಂದುಕೊಳ್ಳುತ್ತಾರೆ, ದೇಹದ ಗಡಿಯಾರದ ಪಾಲಿಗೆ ಅದು ಮುಸ್ಸಂಜೆ.

ಬೆಥೆಸ್ಡಾದ ತಂಡದಲ್ಲಿದ್ದ ರೋಸೆಂತಾಲ್ ಅವರಿಗೆ ಈ ವಿಷಯ ಸ್ವಂತ ಅನುಭವದಿಂದಲೂ ಗೊತ್ತಿತ್ತು. ಅವರು ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ, ಬಿಸಿಲಿಗೆ ಬರವಿಲ್ಲದ ಊರಿನಲ್ಲಿ. 1976ರಲ್ಲಿ ಮನೋವೈದ್ಯಕೀಯ ತರಬೇತಿಗೆ ನ್ಯೂಯಾರ್ಕಿಗೆ ಬಂದ ಮೇಲೆ, ಬೇಸಿಗೆಯಲ್ಲಿ ಹುರುಪಿನಿಂದ ಕೈಗೆತ್ತಿಕೊಂಡ ಕೆಲಸಗಳು ಚಳಿಗಾಲದಲ್ಲಿ ಹೊರಲಾರದ ಭಾರವಾಗುವುದನ್ನು ಗಮನಿಸಿದರು. 1981ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಈ ಸಂಶೋಧನೆಯ ಬಗ್ಗೆ ಬರೆದಾಗ, ತಮಗೂ ಹೀಗೇ ಆಗುತ್ತದೆ ಎಂದು ದೇಶದ ಮೂಲೆ ಮೂಲೆಯಿಂದ ಸಾವಿರಾರು ಜನ ಪತ್ರ ಬರೆದರು. ಅಲ್ಲಿಯವರೆಗೆ ಅವರಲ್ಲಿ ಎಷ್ಟೋ ಮಂದಿಗೆ ಸಿಕ್ಕಿದ್ದು ಸೋಮಾರಿ ಎಂಬ ಬಿರುದು ಮಾತ್ರ.

1984ರಲ್ಲಿ 29 ರೋಗಿಗಳ ವಿವರದೊಂದಿಗೆ ‘ಋತುಮಾನದ ಖಿನ್ನತೆ’ ವೈದ್ಯಕೀಯ ಸಾಹಿತ್ಯಕ್ಕೆ ಬಂತು. ಇದರ ಲಕ್ಷಣಗಳು ಸಾಮಾನ್ಯ ಖಿನ್ನತೆಗೆ ಅನೇಕ ವಿಧದಲ್ಲಿ ತಿರುವುಮುರುವು. ಖಿನ್ನತೆಯಲ್ಲಿ ನಿದ್ದೆ ಹಾರಿಹೋಗುವುದು, ಊಟ ಸೇರದಿರುವುದು ಹೆಚ್ಚು. ಇಲ್ಲಿ ಹತ್ತು ಗಂಟೆ ಮಲಗಿದರೂ ನಿದ್ದೆ ಸಾಲದು. ಅನ್ನ, ಬ್ರೆಡ್ಡು, ಸಿಹಿತಿಂಡಿಗಳ ಮೇಲೆ ತಡೆಯಲಾರದ ಆಸೆ. ತೂಕ ಏರುತ್ತದೆ, ಜನರ ಸಹವಾಸ ಬೇಡವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಎರಡು ಮೂರು ವರ್ಷ ಸಾಲಾಗಿ ಅದೇ ಋತುವಿನಲ್ಲಿ ಬಂದು ಅದೇ ಋತುವಿನಲ್ಲಿ ಹೋದರೆ ಮಾತ್ರ ವೈದ್ಯರು ಈ ಹೆಸರು ಬಳಸುತ್ತಾರೆ. ಒಂದು ಚಳಿಗಾಲದ ಬೇಸರಕ್ಕೆ ಈ ಹಣೆಪಟ್ಟಿ ಅಂಟಿಸುವಂತಿಲ್ಲ.

ಇಷ್ಟಾದ ಮೇಲೆ ಬಂದದ್ದು ನಿಜವಾದ ಕಷ್ಟ. ಹೊಸ ಮಾತ್ರೆಯನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ಅಸಲಿ, ಇನ್ನರ್ಧ ಜನರಿಗೆ ಅದೇ ಬಣ್ಣದ, ಅದೇ ರುಚಿಯ ಹುಸಿ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಹೋಗಿದೆಯೆಂದು ರೋಗಿಗೂ ತಿಳಿಯದು, ಕೊಟ್ಟವರಿಗೂ ತಿಳಿಯದು. ಬೆಳಕನ್ನು ಹೀಗೆ ಮರೆಮಾಚುವುದು ಹೇಗೆ? ಕಣ್ಣು ಕುಕ್ಕುವ ದೀಪದ ಮುಂದೆ ಕೂತವರಿಗೆ ತಾವು ಚಿಕಿತ್ಸೆ ಪಡೆಯುತ್ತಿದ್ದೇವೆಂದು ಗೊತ್ತು. ಮಬ್ಬು ಹಳದಿ ದೀಪದ ಮುಂದೆ ಕೂತವರಿಗೆ ತಮ್ಮದು ಲೆಕ್ಕಕ್ಕಿಲ್ಲವೆಂಬ ಅನುಮಾನ. ಗುಣವಾಗುತ್ತೇನೆಂಬ ನಿರೀಕ್ಷೆಯೇ ಖಿನ್ನತೆಯನ್ನು ಒಂದಿಷ್ಟು ಇಳಿಸಬಲ್ಲದು. ಹಾಗಾಗಿ ಮೊದಮೊದಲ ಫಲಿತಾಂಶಗಳನ್ನು ಕಂಡು ಅನೇಕ ಮನೋವೈದ್ಯರು ತಲೆಯಾಡಿಸಲಿಲ್ಲ. ಅವರ ಸಂಶಯ ನ್ಯಾಯವಾಗಿಯೇ ಇತ್ತು. ಬೆಳಕನ್ನು ಔಷಧವೆಂದು ಕರೆಯುವುದಾದರೆ ಔಷಧಕ್ಕೆ ಒಡ್ಡುವ ಪರೀಕ್ಷೆಗಳನ್ನೆಲ್ಲ ಅದಕ್ಕೂ ಒಡ್ಡಬೇಕು.

ಶಿಕಾಗೊದ ಚಾರ್ಮೇನ್ ಈಸ್ಟ್‌ಮನ್ ಇದಕ್ಕೊಂದು ದಾರಿ ಕಂಡುಕೊಂಡರು. ಗಾಳಿಗೆ ಋಣ ಅಯಾನುಗಳನ್ನು ಬಿಡುವ ಯಂತ್ರವನ್ನು ಹುಸಿ ಚಿಕಿತ್ಸೆಯನ್ನಾಗಿ ಆರಿಸಿ, ಅದರೊಳಗಿನ ಕೆಲಸವನ್ನು ನಿಲ್ಲಿಸಿಬಿಟ್ಟರು. ಅದು ಅಯಾನು ಬಿಡುತ್ತಿದೆಯೋ ಇಲ್ಲವೋ ಎಂದು ಯಾರ ಕಣ್ಣಿಗೂ ಕಾಣದು. 96 ರೋಗಿಗಳಿಗೆ ಬೆಳಗಿನ ಬೆಳಕು, ಸಂಜೆಯ ಬೆಳಕು, ಕೆಲಸ ಮಾಡದ ಯಂತ್ರ ಎಂದು ಮೂರು ಪಾಲು. ಶುರುವಿಗೆ ಮುಂಚೆಯೇ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಚಿಕಿತ್ಸೆಯ ಮೇಲೆ ಎಷ್ಟು ಭರವಸೆ ಇದೆಯೆಂದು ಕೇಳಿ ಅಳೆದರು. ದಿನಕ್ಕೆ ಒಂದೂವರೆ ಗಂಟೆ, 6,000 ಲಕ್ಸ್. ಮೊದಲ ವಾರಗಳಲ್ಲಿ ಮೂರೂ ಗುಂಪು ಹೆಚ್ಚೂ ಕಡಿಮೆ ಒಂದೇ ರೀತಿ ಸುಧಾರಿಸಿದವು. ಅಲ್ಲಿಗೇ ನಿಲ್ಲಿಸಿದ್ದರೆ ಬೆಳಕಿನ ಕಥೆ ಮುಗಿದೇಹೋಗುತ್ತಿತ್ತು. ಮೂರನೆಯ ವಾರದಿಂದ ಗುಂಪುಗಳು ಬೇರೆಯಾಗತೊಡಗಿದವು. ನಾಲ್ಕನೆಯ ವಾರದ ಕೊನೆಗೆ, ಹೆಚ್ಚೂ ಕಡಿಮೆ ಪೂರ್ತಿ ಗುಣವಾಗಿರಬೇಕೆಂಬ ಕಟ್ಟುನಿಟ್ಟಿನ ಅಳತೆಯಲ್ಲಿ ಬೆಳಗಿನ ಬೆಳಕಿನವರು ಶೇ 61, ಸಂಜೆಯವರು ಶೇ 50, ಸುಮ್ಮನಿದ್ದ ಯಂತ್ರದವರು ಶೇ 32.

ಈ ಕೊನೆಯ ಅಂಕಿಯನ್ನು ಹಗುರವಾಗಿ ದಾಟಿ ಹೋಗಬಾರದು. ಏನೂ ಮಾಡದ ಪೆಟ್ಟಿಗೆಯ ಮುಂದೆ ದಿನಾ ಬೆಳಿಗ್ಗೆದ್ದು ಶ್ರದ್ಧೆಯಿಂದ ಕೂತವರಲ್ಲಿ ಮೂರರಲ್ಲಿ ಒಂದು ಪಾಲು ಚೇತರಿಸಿಕೊಂಡರು. ಬೆಳಕಿನ ಪಾಲಿಗೆ ಸಲ್ಲುವುದು ಅದರಾಚೆಗೆ ಸಿಕ್ಕ ಲಾಭ ಮಾತ್ರ. ಈಸ್ಟ್‌ಮನ್ ಅವರ ಪ್ರಯೋಗ ವೈದ್ಯಕೀಯ ಪತ್ರಿಕೆಯೊಂದರ 1998ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟವಾಯಿತು, ಅದೇ ಸಂಚಿಕೆಯಲ್ಲಿ ಇನ್ನೂ ಎರಡು ಅಧ್ಯಯನಗಳು ಬಂದವು. ಆ ಹೊತ್ತಿಗೆ ಆರೆಗನ್‌ನಲ್ಲಿದ್ದ ಲೂವಿ, ಸಂಜೆಯ ಬೆಳಕಿಗಿಂತ ಬೆಳಗಿನ ಬೆಳಕು ಮೇಲೆಂದು ತೋರಿಸಿದರು. ನ್ಯೂಯಾರ್ಕಿನ ಮೈಕೆಲ್ ಟರ್ಮನ್ ಅವರ ತಂಡಕ್ಕೆ ದಟ್ಟ ಪ್ರಮಾಣದ ಋಣ ಅಯಾನುಗಳೂ ಉಪಯೋಗಕ್ಕೆ ಬಂದದ್ದು ಕಂಡಿತು. ಶಿಕಾಗೊದಲ್ಲಿ ಹುಸಿಯಾಗಿ ನಿಂತಿದ್ದ ಯಂತ್ರ ನಿಜವಾಗಿ ಓಡಿದರೆ ಅದೂ ಒಂದು ಚಿಕಿತ್ಸೆಯಾಗಬಹುದೆಂಬ ಹೊಸ ಪ್ರಶ್ನೆ ಎದ್ದಿತು.

ಕೆನಡಾದ ರೇಮಂಡ್ ಲ್ಯಾಮ್ ತಂಡದವರು 2006ರಲ್ಲಿ ಪ್ರಕಟಿಸಿದ ಪ್ರಯೋಗದ ವಿನ್ಯಾಸ ಇನ್ನೂ ಜಾಣತನದ್ದು. 96 ರೋಗಿಗಳು, ನಾಲ್ಕು ಕೇಂದ್ರಗಳು, ಎಂಟು ವಾರ. ಎಲ್ಲರಿಗೂ ದೀಪವೂ ಉಂಟು, ಮಾತ್ರೆಯೂ ಉಂಟು. ಒಂದು ಗುಂಪಿಗೆ 10,000 ಲಕ್ಸ್ ದೀಪ, ಜೊತೆಗೆ ಹುಸಿ ಮಾತ್ರೆ. ಇನ್ನೊಂದಕ್ಕೆ 100 ಲಕ್ಸ್ ಮಬ್ಬು ದೀಪ, ಜೊತೆಗೆ 20 ಮಿಲಿಗ್ರಾಂ ಫ್ಲುಯಾಕ್ಸೆಟಿನ್, ಅಂದರೆ ಪ್ರೊಝ್ಯಾಕ್ ಹೆಸರಿನಿಂದ ಪ್ರಸಿದ್ಧವಾದ ಖಿನ್ನತೆಯ ಔಷಧ. ಎರಡೂ ಗುಂಪಿನಲ್ಲಿ ಶೇ 67ರಷ್ಟು ಜನರಿಗೆ ಗುಣ ಕಂಡಿತು. ದೀಪದವರಲ್ಲಿ ಸುಧಾರಣೆ ಒಂದು ವಾರಕ್ಕೇ ಮುಂದಿತ್ತು, ಅಡ್ಡಪರಿಣಾಮವೂ ಕಡಿಮೆ. ದಿನಕ್ಕೆ ಅರ್ಧ ಗಂಟೆಯ ಬೆಳಕು ಪೇಟೆಯ ಹೆಸರುವಾಸಿ ಮಾತ್ರೆಗೆ ಸರಿಸಾಟಿಯಾಗಿ ನಿಂತದ್ದು ಸಣ್ಣ ಮಾತಲ್ಲ.

ಬೆಳಕು ಹೀಗೆ ಕೆಲಸ ಮಾಡುವುದು ಯಾವ ದಾರಿಯಿಂದ? ಈ ಪ್ರಶ್ನೆ ಸಂಶೋಧಕರನ್ನು ಸಾಕಷ್ಟು ಅಲೆಸಿದೆ. ಮೊದಲು ಎಲ್ಲರೂ ಬೊಟ್ಟು ಮಾಡಿದ್ದು ಮೆಲಟೋನಿನ್ ಕಡೆಗೆ. ಹಾಗಾದರೆ ಅದನ್ನು ಅಡಗಿಸುವ ಅಟೆನೊಲಾಲ್ ಮಾತ್ರೆಯೂ ಖಿನ್ನತೆ ಇಳಿಸಬೇಕಲ್ಲ? 1988ರಲ್ಲಿ ರೋಸೆಂತಾಲ್ ತಂಡ ಪರೀಕ್ಷಿಸಿತು. ಒಟ್ಟಾರೆ ಅದು ಹುಸಿ ಮಾತ್ರೆಗಿಂತ ಮೇಲೇನಾಗಲಿಲ್ಲ. ಅತ್ತ ವೇರ್ 2001ರಲ್ಲಿ ಮತ್ತೊಂದು ಸುಳಿವು ಹಿಡಿದರು. 55 ರೋಗಿಗಳನ್ನೂ 55 ಆರೋಗ್ಯವಂತರನ್ನೂ ಹೋಲಿಸಿದಾಗ, ರೋಗಿಗಳಲ್ಲಿ ಮೆಲಟೋನಿನ್ ಸ್ರವಿಸುವ ಅವಧಿ ಬೇಸಿಗೆಗಿಂತ ಚಳಿಗಾಲದಲ್ಲಿ ಉದ್ದವಾಗುತ್ತಿತ್ತು. ಉಳಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಕೆಲವರ ದೇಹ ಇಂದಿಗೂ ಕಾಡುಪ್ರಾಣಿಗಳಂತೆ ಋತುವನ್ನು ಓದುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಲೂವಿಯವರ ವಾದ ಬೇರೆ. ಚಳಿಗಾಲದಲ್ಲಿ ತಡವಾಗಿ ಬೆಳಗಾಗುವುದರಿಂದ ದೇಹದ ಗಡಿಯಾರ ಹಿಂದೆ ಬೀಳುತ್ತದೆ, ನಿದ್ದೆಯ ವೇಳೆಗೂ ಗಡಿಯಾರಕ್ಕೂ ಹೊಂದಿಕೆ ತಪ್ಪುತ್ತದೆ, ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಳ್ಳುತ್ತದೆ ಎಂದು ಅವರು ಹೇಳುತ್ತಾರೆ. ಸಂಜೆಗಿಂತ ಬೆಳಗಿನ ದೀಪ ಮೇಲಾಗಿ ಕಂಡದ್ದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಕೋಪನ್‌ಹೇಗನ್ನಿನ ಸಂಶೋಧಕರು ಮೆದುಳಿನ ಚಿತ್ರ ತೆಗೆದು, ಸೆರೊಟೊನಿನ್ ಎಂಬ ರಾಸಾಯನಿಕವನ್ನು ಹೀರಿ ಹಿಂತೆಗೆಯುವ ಪ್ರೋಟೀನು ಈ ರೋಗಿಗಳಲ್ಲಿ ಚಳಿಗಾಲದಲ್ಲಿ ಹೆಚ್ಚುತ್ತದೆಂದು ತೋರಿಸಿದ್ದಾರೆ. ಮೂರೂ ಮಾತು ಏಕಕಾಲಕ್ಕೆ ನಿಜವಾಗಲು ಅಡ್ಡಿಯಿಲ್ಲ.

ಈ ಹುಡುಕಾಟದಲ್ಲಿ ಒಂದು ದೊಡ್ಡ ದಾರಿ ತಪ್ಪಿದ ಪ್ರಸಂಗವೂ ಉಂಟು. 1998ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಮೊಣಕಾಲಿನ ಹಿಂಬದಿಗೆ ಬೆಳಕು ಹಾಯಿಸಿದರೂ ದೇಹದ ಗಡಿಯಾರ ಸರಿಯುತ್ತದೆ ಎಂದು ‘ಸೈನ್ಸ್’ನಲ್ಲೇ ಬರೆದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಬಾಸ್ಟನ್ನಿನ ಕೆನೆತ್ ರೈಟ್ ಮತ್ತು ಚಾರ್ಲ್ಸ್ ಝೈಸ್ಲರ್ ಇನ್ನೂ ಬಿಗಿಯಾದ ಏರ್ಪಾಡಿನಲ್ಲಿ ಅದನ್ನು ಮತ್ತೆ ಮಾಡಿ ನೋಡಿದರು. ಏನೂ ಆಗಲಿಲ್ಲ. 2002ರಲ್ಲಿ ಅದೇ ‘ಸೈನ್ಸ್’ ಆ ಫಲಿತಾಂಶವನ್ನೂ ಪ್ರಕಟಿಸಿತು. ಬೆಳಕಿನ ಬಾಗಿಲು ಕಣ್ಣೇ. ಅದೇ ವರ್ಷ ಬ್ರೌನ್ ವಿಶ್ವವಿದ್ಯಾಲಯದ ಡೇವಿಡ್ ಬರ್ಸನ್ ಅವರ ತಂಡ, ಅಕ್ಷಿಪಟಲದಲ್ಲಿ ನೋಡುವ ಕೆಲಸಕ್ಕಲ್ಲದೆ ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವುದಕ್ಕೆಂದೇ ಇರುವ ಜೀವಕೋಶಗಳನ್ನು ಪತ್ತೆಹಚ್ಚಿತು. ಮೆಲನೊಪ್ಸಿನ್ ಎಂಬ ವರ್ಣದ್ರವ್ಯ ತುಂಬಿಕೊಂಡ ಈ ಕೋಶಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಏನೂ ಕಾಣದ ಕೆಲವು ಅಂಧರಲ್ಲೂ ಕಣ್ಣಿಗೆ ಬಿದ್ದ ಬೆಳಕು ಮೆಲಟೋನಿನ್ ಇಳಿಸುತ್ತದೆಂದು ಝೈಸ್ಲರ್ 1995ರಲ್ಲೇ ತೋರಿಸಿದ್ದರ ಹಿಂದಿನ ಗುಟ್ಟು ಇದರಿಂದ ಬಯಲಾಯಿತು.

ಚಳಿಗಾಲದ ಬೆಳಕಿನ ಕೊರತೆಯೇ ಈ ಖಿನ್ನತೆಗೆ ಕಾರಣವಾಗಿದ್ದರೆ ಉತ್ತರಕ್ಕೆ ಹೋದಷ್ಟೂ ರೋಗಿಗಳು ಹೆಚ್ಚಬೇಕು. ಅಮೆರಿಕದ ಪೂರ್ವ ಕರಾವಳಿಯ ಒಂದು ಸಮೀಕ್ಷೆ 1990ರಲ್ಲಿ ಹಾಗೆಯೇ ಹೇಳಿತು. ಚಳಿನಾಡು ನ್ಯೂ ಹ್ಯಾಂಪ್‌ಶೈರಿನಲ್ಲಿ ಶೇ 9.7, ಬಿಸಿಲುನಾಡು ಫ್ಲಾರಿಡಾದಲ್ಲಿ ಶೇ 1.4. ಆದರೆ ಆಂಡ್ರೆಸ್ ಮ್ಯಾಗ್ನುಸನ್ ಮತ್ತು ಜೊತೆಗಾರರು ಅದೇ ಪ್ರಶ್ನಾವಳಿಯನ್ನು ಇನ್ನೂ ಎಷ್ಟೋ ಉತ್ತರದ ಐಸ್‌ಲ್ಯಾಂಡಿಗೆ ಒಯ್ದಾಗ ಅಲ್ಲಿ ಅಮೆರಿಕಕ್ಕಿಂತ ಕಡಿಮೆ ಸಿಕ್ಕಿತು. ಐಸ್‌ಲ್ಯಾಂಡಿನಿಂದ ವಲಸೆ ಹೋಗಿ ಕೆನಡಾದ ಮ್ಯಾನಿಟೋಬಾದಲ್ಲಿ ನೆಲೆಸಿದವರ ವಂಶಸ್ಥರಲ್ಲೂ ಕಡಿಮೆಯೇ. ಸಾವಿರ ವರ್ಷ ಕತ್ತಲಲ್ಲಿ ಬಾಳಿದ ಜನರ ರಕ್ತದಲ್ಲಿ ಅದನ್ನು ತಾಳುವ ಗುಣ ಇಳಿದು ಬಂದಿರಬಹುದೆಂದು ಅವರು ಊಹಿಸಿದರು. 2016ರಲ್ಲಿ ಸ್ಟೀವನ್ ಲೊಬೆಲ್ಲೊ ಮತ್ತು ಜೊತೆಗಾರರು ಇಡೀ ಕಲ್ಪನೆಗೇ ಸವಾಲು ಹಾಕಿದರು. ಅಮೆರಿಕದ 34,294 ಜನರ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆಗೂ ಋತುವಿಗೂ, ಅಕ್ಷಾಂಶಕ್ಕೂ, ಬಿಸಿಲಿಗೂ ಯಾವ ನಂಟೂ ಕಾಣಲಿಲ್ಲ. ಚಳಿಗಾಲದಲ್ಲಿ ಬೇಸರವಾಗುತ್ತದೆಯೇ ಎಂದು ಕೇಳಿದರೆ ಜನ ಹೌದೆನ್ನುತ್ತಾರೆ, ಋತುವಿನ ಮಾತೇ ಎತ್ತದೆ ಕೇಳಿದರೆ ಆ ವ್ಯತ್ಯಾಸ ಮಾಯವಾಗುತ್ತದೆ ಎಂಬುದು ಅವರ ನಿಲುವು.

ಈ ಟೀಕೆಗೆ ತೂಕವಿದೆ. ಪ್ರಶ್ನಾವಳಿಯ ಮೇಲೆ ನಿಂತ ದೊಡ್ಡ ಶೇಕಡಾವಾರುಗಳನ್ನು ಇನ್ನು ಕಣ್ಣುಮುಚ್ಚಿ ಒಪ್ಪಲಾಗದು. ಆದರೆ ಸಾವಿರಾರು ಜನರ ಸರಾಸರಿಯಲ್ಲಿ ಒಂದು ಚಿಕ್ಕ ಗುಂಪಿನ ನೋವು ಕರಗಿ ಕಾಣದೆಹೋಗುವುದೂ ಅಷ್ಟೇ ಸುಲಭ. ಪ್ರತಿ ವರ್ಷ ಅದೇ ಸುತ್ತಿಗೆ ಸಿಕ್ಕಿ, ದೀಪದಿಂದ ಚೇತರಿಸಿಕೊಂಡ ರೋಗಿಗಳು ಪ್ರಯೋಗಗಳಲ್ಲಿ ಇದ್ದೇ ಇದ್ದಾರೆ. ಜನಸಂಖ್ಯೆಯಲ್ಲಿ ಅವರ ಪ್ರಮಾಣ ಹಿಂದೆ ಅಂದುಕೊಂಡದ್ದಕ್ಕಿಂತ ಕಡಿಮೆ ಇರಬಹುದು. ಅವರ ಕಾಯಿಲೆ ಅದರಿಂದ ಸುಳ್ಳಾಗುವುದಿಲ್ಲ.

ಕತ್ತಲ ನಾಡುಗಳು ಈ ವಾದ ಮುಗಿಯಲೆಂದು ಕಾಯಲಿಲ್ಲ. ನಾರ್ವೆಯ ರ್‍ಯೂಕನ್ ಕಣಿವೆಯೊಳಗಿನ ಪಟ್ಟಣ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬೆಟ್ಟದ ಮರೆಯಿಂದ ಸೂರ್ಯ ಮೇಲೇಳುವುದೇ ಇಲ್ಲ. ಅಲ್ಲಿನ ಕಾರ್ಖಾನೆ ನಡೆಸುತ್ತಿದ್ದ ನಾರ್ಸ್ಕ್ ಹೈಡ್ರೊ ಕಂಪನಿ ಜನ ಮೇಲೆ ಹೋಗಿ ಬಿಸಿಲು ಕಾಯಿಸಿಕೊಳ್ಳಲೆಂದು 1928ರಲ್ಲೇ ಕೇಬಲ್ ಕಾರ್ ಕಟ್ಟಿಸಿತ್ತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಕಂಪ್ಯೂಟರಿನ ಆಜ್ಞೆಯಂತೆ ಸೂರ್ಯನ ಹಿಂದೆಯೇ ತಿರುಗುವ ಅವು ಊರಿನ ಚೌಕಕ್ಕೆ ಬಿಸಿಲಿನ ಒಂದು ತುಣುಕನ್ನು ಇಳಿಸುತ್ತವೆ. ಸ್ವೀಡನ್ನಿನ ಉಮಿಯೊದಲ್ಲಿ 2012ರಲ್ಲಿ ಬಸ್ ತಂಗುದಾಣಗಳಿಗೇ ಇಂಥ ದೀಪ ಹಾಕಿದರು. ಆ ದೇಶದಲ್ಲಿ ಬಿಳಿ ಬಟ್ಟೆ ತೊಟ್ಟು ಬಿಳಿ ಗೋಡೆಗಳ ನಡುವೆ ಕೂರುವ ಬೆಳಕಿನ ಕೋಣೆಗಳು ದಶಕಗಳಿಂದ ಇದ್ದವು. ಸ್ವೀಡನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ 2007ರಲ್ಲಿ ಅವುಗಳ ಫಲಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ನೇರವಾಗಿ ವರದಿ ಕೊಟ್ಟಿತು. ಜನಪ್ರಿಯತೆಯನ್ನೇ ಪುರಾವೆಯೆಂದು ಒಪ್ಪದ ಆ ನಿಷ್ಠುರತೆ ಮೆಚ್ಚುವಂಥದ್ದು.

ಕನ್ನಡನಾಡಿನಲ್ಲಿ ಚಳಿಗಾಲದ ಈ ಕಾಯಿಲೆಯ ಮಾತು ಅಪರೂಪ, ಅದಕ್ಕೆ ಭೂಗೋಳವೇ ಕಾರಣ. ಬೆಂಗಳೂರಿನ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆಗಿಂತ ಉದ್ದ. ಭಾರತದಲ್ಲಿ ಈ ಕಾಯಿಲೆ ಬೇರೆ ರೂಪ ತಾಳಬಹುದೆಂಬ ಸೂಚನೆ ಇದೆ. ಉತ್ತರ ಭಾರತದ ಮೂವರು ರೋಗಿಗಳಲ್ಲಿ ಭಿನ್ನ ಮಾದರಿಯ ಋತು ಖಿನ್ನತೆ ಕಂಡದ್ದು 1988ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ದಾಖಲಾಗಿದೆ. ಬೇಸಿಗೆಯಲ್ಲೇ ಕುಗ್ಗುವ ರೋಗಿಗಳ ಬಗ್ಗೆ ವೇರ್ ಅದಕ್ಕೆ ಹಿಂದಿನ ವರ್ಷವೇ ಬರೆದಿದ್ದರು.

ಆದರೆ ಈಗ ಕನ್ನಡಿಗರು ಸ್ಟಾಕ್‌ಹೋಮ್, ಹೆಲ್ಸಿಂಕಿ, ಎಡಿನ್‌ಬರೊ, ಟೊರಾಂಟೊಗಳಲ್ಲೂ ಇದ್ದಾರೆ. ಆಗಸ್ಟಿನ ಉದ್ದ ಹಗಲಿನಲ್ಲಿ ಸ್ಟಾಕ್‌ಹೋಮಿಗೆ ಬಂದಿಳಿದ ಹುಡುಗಿಗೆ ಡಿಸೆಂಬರಿನಲ್ಲಿ ಸೂರ್ಯ ಕಾಣುವುದು ಎಂಟೂ ಮುಕ್ಕಾಲಿನ ಸುಮಾರಿಗೆ, ಮುಳುಗುವುದು ಮಧ್ಯಾಹ್ನ ಮೂರಕ್ಕೂ ಮುಂಚೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮನೆಗೆ ಬರುವ ಆಕೆ ಊರಿಗೆ ಫೋನ್ ಮಾಡಿ ಎದ್ದೇಳಲು ಮನಸ್ಸೇ ಬರುತ್ತಿಲ್ಲವೆಂದರೆ ಮನೆಯವರು ಊರಿನ ನೆನಪು ಎನ್ನುತ್ತಾರೆ. ಅದೂ ಇರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಗಳೂ ಇಂಥದೇ ಸುಸ್ತು ತರುತ್ತವೆ, ಅವನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಅವೆಲ್ಲ ಸರಿಯಿದ್ದು ಎರಡನೆಯ ಚಳಿಗಾಲವೂ ಹಾಗೇ ಮುಗ್ಗರಿಸಿದರೆ ಬೆಳಕಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ದೀಪವೆಂದರೆ 10,000 ಲಕ್ಸ್ ಕೊಡುವ, ಅತಿನೇರಳೆ ಕಿರಣ ಸೋಸಿದ ಪೆಟ್ಟಿಗೆ. ಎದ್ದ ಒಂದು ಗಂಟೆಯೊಳಗೆ ತಯಾರಕರು ಹೇಳಿದ ಅಂತರದಲ್ಲಿ ಅರ್ಧ ಗಂಟೆ ಕೂರಬೇಕು. ದುರುಗುಟ್ಟಿ ನೋಡಬೇಕಾಗಿಲ್ಲ, ಕಾಫಿ ಕುಡಿಯುತ್ತಾ ಪೇಪರ್ ಓದಬಹುದು. ಸ್ವಲ್ಪ ದೂರ ಸರಿದರೂ ಲಕ್ಸ್ ಸರ್ರನೆ ಇಳಿಯುತ್ತದೆ. ಅತಿನೇರಳೆ ಇಲ್ಲದ್ದರಿಂದ ಈ ದೀಪದಿಂದ ವಿಟಮಿನ್ ಡಿ ಸಿಗದು, ಅದರ ಕೊರತೆಯಿದ್ದರೆ ಬೇರೆಯಾಗಿಯೇ ನೋಡಿಕೊಳ್ಳಬೇಕು. ದೀಪ ಕೊಳ್ಳುವ ಅನುಕೂಲವಿಲ್ಲದವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಒಳ್ಳೆಯ ಸುದ್ದಿಯಿದೆ. ಅನ್ನಾ ವಿರ್ಜ್-ಜಸ್ಟಿಸ್ ತಂಡ 1996ರಲ್ಲಿ ಬೆಳಿಗ್ಗೆ ಒಂದು ಗಂಟೆ ಬಯಲಲ್ಲಿ ನಡೆದವರನ್ನು ಕಡಿಮೆ ಪ್ರಮಾಣದ ದೀಪದ ಮುಂದೆ ಕೂತವರೊಂದಿಗೆ ಹೋಲಿಸಿತು. ನಡೆದವರೇ ಹೆಚ್ಚು ಚೇತರಿಸಿಕೊಂಡರು.

ದೀಪದ ಗುಣ ಉರಿದಷ್ಟು ದಿನದ್ದು, ಮುಂದಿನ ಚಳಿಗಾಲಕ್ಕೆ ಮತ್ತೆ ಹಚ್ಚಬೇಕು. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ 177 ಜನರಲ್ಲಿ ದೀಪವನ್ನೂ, ಚಳಿಗಾಲದ ಬಗೆಗಿನ ಯೋಚನೆ, ಚಟುವಟಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನೂ ಹೋಲಿಸಿದರು. ಆರು ವಾರದಲ್ಲಿ ಎರಡೂ ಸಮ. ಎರಡು ಚಳಿಗಾಲ ಕಳೆದ ಮೇಲೆ ಖಿನ್ನತೆ ಮರುಕಳಿಸಿದ್ದು ದೀಪದವರಲ್ಲಿ ಶೇ 45.6, ಮಾತಿನ ಚಿಕಿತ್ಸೆಯವರಲ್ಲಿ ಶೇ 27.3. ಕಲಿತದ್ದು ಜೊತೆಗೆ ಉಳಿಯಿತು ಎಂದೇ ಇದರ ಅರ್ಥ.

ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು, ಬೆಳಕಿಗೆ ಸೂಕ್ಷ್ಮತೆ ತರುವ ಔಷಧ ತೆಗೆದುಕೊಳ್ಳುವವರು ಆನ್‌ಲೈನ್‌ನಲ್ಲಿ ದೀಪ ತರಿಸಿ ತಾವೇ ಶುರುಮಾಡಬಾರದು. ಉನ್ಮಾದ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆ ಇದ್ದವರಂತೂ ಖಂಡಿತ ಕೂಡದು. ಬೆಳಗಿನ ಬೆಳಕು ಅವರಲ್ಲಿ ಕೆಲವರನ್ನು ಖಿನ್ನತೆಯಿಂದ ಎತ್ತುವ ಬದಲು ಎರಡೂ ಬೆರೆತ ಸ್ಥಿತಿಗೆ ದೂಡಿದ್ದನ್ನು ಡೊರೊತಿ ಸಿಟ್ ಎಂಬ ಮನೋವೈದ್ಯೆ ಒಂದು ಚಿಕ್ಕ ಪ್ರಯೋಗದಲ್ಲಿ ಕಂಡರು. ಅವರು ಬೆಳಕನ್ನು ಕೈಬಿಡಲಿಲ್ಲ, ವೇಳೆಯನ್ನು ಬದಲಿಸಿದರು. ಮನಸ್ಸಿನ ಏರಿಳಿತ ತಡೆಯುವ ಔಷಧವನ್ನು ನಿಲ್ಲಿಸದೆ, ನಡು ಮಧ್ಯಾಹ್ನಕ್ಕೆ 7,000 ಲಕ್ಸ್. ಮೊದಲಿಗೆ ಹದಿನೈದೇ ನಿಮಿಷ, ವಾರ ವಾರಕ್ಕೆ ಹೆಚ್ಚಿಸುತ್ತಾ ಒಂದು ಗಂಟೆಯವರೆಗೆ. 46 ರೋಗಿಗಳ ಆ ಪ್ರಯೋಗದ ಫಲಿತಾಂಶ 2018ರಲ್ಲಿ ಹೊರಬಂತು. ಪ್ರಖರ ಬೆಳಕಿನ ಗುಂಪಿನಲ್ಲಿ ಶೇ 68ರಷ್ಟು ಜನ ಖಿನ್ನತೆಯಿಂದ ಹೊರಬಂದರೆ ಮಬ್ಬು ಬೆಳಕಿನ ಗುಂಪಿನಲ್ಲಿ ಹೊರಬಂದವರು ಶೇ 22. ಉನ್ಮಾದಕ್ಕೆ ಜಾರಿದವರು ಒಬ್ಬರೂ ಇರಲಿಲ್ಲ.